ಎಡಕ್ಕೆ ವಾಲಿದ ಪಟ್ಟಿಗಳು

ಪವಿತ್ರ ಮಾಲೂರು ಸ್ಟೇಷನ್ನಿನಲ್ಲಿ ಇಳಿದಾಗ ಅವಳ ಬ್ಯಾಗಿನಲ್ಲಿ ಎರಡು ವಸ್ತುಗಳಿದ್ದವು. ಟವೆಲ್ಲಿನಲ್ಲಿ ಸುತ್ತಿದ ಲೋಹದ ಜಾಲರಿ ಒಂದು, ಅದು ಹಾಳಾದದ್ದು ನನ್ನ ತಪ್ಪಿನಿಂದ ಎಂಬ ತಪ್ಪೊಪ್ಪಿಗೆ ಪತ್ರ ಇನ್ನೊಂದು. ಪತ್ರ ಬರೆದವಳು ಅವಳೇ, ಸಹಿ ಹಾಕಬೇಕಾದವರು ಜಾಲರಿ ಮಾಡಿದ ನಬೀ ಸಾಬ್. ಹಾಕಿದರೆ ಅವರ ವರ್ಕ್‌ಶಾಪಿಗೆ ಪ್ರಯೋಗಾಲಯದ ಕೆಲಸ ಮತ್ತೆಂದೂ ಸಿಗುತ್ತಿರಲಿಲ್ಲ.

ಅವಳು ಕೆಲಸ ಮಾಡುವ ಪ್ರಯೋಗಾಲಯದಲ್ಲಿ ಸೂರ್ಯನಷ್ಟು ಬಿಸಿಯಾದ ಪ್ಲಾಸ್ಮಾವನ್ನು ಕಾಂತಕ್ಷೇತ್ರದಲ್ಲಿ ಕಟ್ಟಿಹಾಕುತ್ತಾರೆ. ಅದನ್ನು ಕಾಯಿಸಲು ರೇಡಿಯೋ ಅಲೆ ಬೇಕು. ಅಲೆ ಬಿಡುವ ಆಂಟೆನಾದ ಮುಖಕ್ಕೆ ಓರೆ ಪಟ್ಟಿಗಳ ಜಾಲರಿ ಬೇಕು. ಸಾಬರು ಮಾಡಿದ ಮೊದಲ ಜಾಲರಿ ಎರಡು ವರ್ಷ ಬಾಳಿತು. ಎರಡನೆಯದು ಮೂರೇ ವಾರಕ್ಕೆ ತೂತಾಯಿತು, ಅದರಿಂದ ಉದುರಿದ ಲೋಹ ಪ್ಲಾಸ್ಮಾವನ್ನೇ ತಣ್ಣಗೆ ಮಾಡಿಬಿಟ್ಟಿತು. ಬೆಸುಗೆ ಸರಿಯಿಲ್ಲ ಎಂದು ಎಲ್ಲರೂ ಹೇಳಿದರು. ಎಲ್ಲರಿಗಿಂತ ಜೋರಾಗಿ ಹೇಳಿದವಳು ಪವಿತ್ರ.

ವರ್ಕ್‌ಶಾಪಿನಲ್ಲಿ ನಬೀ ಸಾಬ್ ಕೈ ತೊಳೆದು ಬಂದು ಟವೆಲ್ ಬಿಚ್ಚಿದರು.

"ಯಾ ಅಲ್ಲಾ! ಏನಮ್ಮಾ ಇದು, ಇಲಿ ತಿಂದಂಗೈತೆ!"

ಪತ್ರವನ್ನು ಅವರು ಪೂರ್ತಿ ಓದಲೂ ಇಲ್ಲ. "ಓದಿರೋರು ನೀವು ಹೇಳ್ತಿದೀರ ಅಂದ್ರೆ ನನ್ ಕೈಯೇ ಎಲ್ಲೋ ಸೋತಿರ್ಬೇಕು" ಎಂದು ಸಹಿ ಹಾಕಿಬಿಟ್ಟರು. ಮೂವತ್ತು ವರ್ಷದ ಹೆಸರು, ಅರೆಗಳಿಗೆಯ ಸಹಿ.

ಅಳತೆಯ ಕೆಲಸ ನೋಡಿಕೊಳ್ಳುವ ಅವರ ಮಗಳು ಅಲ್ಫಿಯಾಗೆ ಮಾತ್ರ ತಡೆಯಲಾಗಲಿಲ್ಲ. ಬಾಳಿ ಮುಗಿದು ವಾಪಸ್ಸು ಬಂದಿದ್ದ ಮೊದಲ ಜಾಲರಿಯನ್ನು ಸಾಬರು ಹಿರಿಯರ ಪಟದಷ್ಟು ಜೋಪಾನವಾಗಿ ಗೋಡೆಗೆ ತೂಗುಹಾಕಿದ್ದರು. ಅವಳು ಅದನ್ನು ಇಳಿಸಿ ಸುಟ್ಟದ್ದರ ಪಕ್ಕದಲ್ಲಿ ಇಟ್ಟಳು. ಎರಡರದೂ ಮುಂಭಾಗ ಮೇಲೆ.

"ನೋಡಿ ಮೇಡಂ. ಹಳೇದು ಬಲಕ್ಕೆ ವಾಲೈತೆ, ಇದು ಎಡಕ್ಕೆ. ಡ್ರಾಯಿಂಗ್ ಬಂದ ದಿನಾನೇ ಅಬ್ಬಾ ನಿಮಗೆ ಫೋನ್ ಮಾಡಿ ಕೇಳಿದ್ರು. ನೀವೇ, ಅದ್ರಲ್ಲಿ ಇದ್ದಂಗೆ ಮಾಡಿ, ಜಾಸ್ತಿ ತಲೆ ಓಡಿಸ್ಬೇಡಿ ಅಂದ್ರಿ."

ಪವಿತ್ರ ಎರಡೂ ಜಾಲರಿಗಳ ಮೇಲೆ ಬಗ್ಗಿ ನೋಡಿದಳು. ಹೌದು, ಅಂದಿದ್ದಳು. ಈ ಸಲ ಅವಳು ಚಿತ್ರ ಬರೆದದ್ದು ಗೋಡೆಯ ಕಡೆಯಿಂದ ನೋಡಿ, ವರ್ಕ್‌ಶಾಪಿನವರು ಓದುವುದು ಪ್ಲಾಸ್ಮಾದ ಕಡೆಯಿಂದ. ಹೀಗೆ ಓರೆ ತಿರುಗಾಮುರುಗಾ ಆಗಿತ್ತು. ಪಟ್ಟಿಗಳು ಕಾಂತರೇಖೆಯ ಗುಂಟ ಇರಬೇಕು. ಅಡ್ಡ ಬಿದ್ದರೆ, ಲೋಹಕ್ಕೆ ಅಂಟಿಕೊಂಡ ಕೂದಲಿಗಿಂತ ತೆಳುವಾದ ಪ್ಲಾಸ್ಮಾದ ಪೊರೆಯಲ್ಲಿ ರೇಡಿಯೋ ಅಲೆಯೇ ನೂರಾರು ವೋಲ್ಟ್ ತುಂಬುತ್ತದೆ. ಆಮೇಲೆ ಅಯಾನುಗಳು ಅವಳ ಊರು ಸುಗಟೂರಿನ ಟೊಮೆಟೊ ತೋಟಕ್ಕೆ ಆಲಿಕಲ್ಲು ಬಿದ್ದ ಹಾಗೆ ಲೋಹದ ಮೇಲೆ ಬೀಳುತ್ತವೆ. ಬೇರೆ ಯಾರಿಗಾದರೂ ಇದು ಗೊತ್ತಿಲ್ಲ ಎಂದರೆ ಕ್ಷಮಿಸಬಹುದಿತ್ತು. ಸುಗಟೂರಿನ ಈ ಮಹಾರಾಯಿತಿ ಅದೇ ಪೊರೆಯ ಮೇಲೆ ಇನ್ನೂರು ಪುಟ ಬರೆದು ಡಾಕ್ಟರ್ ಆಗಿದ್ದಳು!

"ಸಾಬ್, ತಪ್ಪು ನಂದು. ಓರೆ ಉಲ್ಟಾ ಬರ್ದಿದ್ದು ನಾನೇ" ಎಂದಳು.

ಸಾಬರಿಗೆ ಸಿಟ್ಟು ಬಂದ ಹಾಗೆ ಕಾಣಲಿಲ್ಲ. ಕನ್ನಡಕ ಏರಿಸಿ ಜಾಲರಿಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಾ ಹೋದರು. ಪಟ್ಟಿಗಳ ನಡುಭಾಗ ಸವೆದು ಜರಡಿಯಾಗಿತ್ತು. ಬೆಸುಗೆಗಳು ಮಾತ್ರ ನಲವತ್ತೆಂಟೂ ಹಾಗೇ ಇದ್ದವು.

"ಹಂಗಾದ್ರೆ ನನ್ ಬೆಸುಗೆ ಬಿಟ್ಟಿಲ್ಲ ಅಲ್ವೇನಮ್ಮಾ?"

"ಒಂದೂ ಬಿಟ್ಟಿಲ್ಲ ಸಾಬ್."

ಸುಟ್ಟ ಮೇಲೆ ಆ ಜಾಲರಿ ಎಷ್ಟೋ ದಿನ ಅವಳ ಮೇಜಿನ ಮೇಲೇ ಇತ್ತು. ಒಂದು ದಿನವೂ ಬೆಸುಗೆ ಎಣಿಸಿ ನೋಡಬೇಕು ಎಂದು ಅವಳಿಗೆ ಅನ್ನಿಸಿರಲಿಲ್ಲ.

ಸಾಬರು ಪತ್ರವನ್ನೂ ತಾವು ಸಹಿ ಹಾಕಿದ ಪೆನ್ನನ್ನೂ ಅವಳ ಕಡೆಗೆ ಸರಿಸಿದರು.

"ಹಂಗಿದ್ರೆ ನೀನೇ ಸಹಿ ಹಾಕಮ್ಮಾ."

ಪವಿತ್ರ ಪೆನ್ನು ಹಿಡಿದಳು. ಅವರ ಹೆಸರನ್ನು ಹೊಡೆದುಹಾಕಿ ತನ್ನದನ್ನು ಬರೆಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು.