ಸಿ ಒಂಬತ್ತರ ಅಂಗಳ

"ಗುಂಡಿ ತೋಡ್ಲಾ ಅಂದ್ರೆ ಗುಂಡೀಲಿ ನಿಂತ್ಕಂಡು ನಿದ್ದೆ ಹೊಡಿತಿದೀಯೇನ್ಲಾ, ಸೋಂಬೇರಿ ಸೂಳೆಮಗನೆ? ನಾಳಿಕ್ಕೆ ಮೀನು ಬಿಡ್ಬೇಕು ಇದ್ರಾಗೆ. ನಿಮ್ಮಪ್ಪ ಬಂದು ತೋಡ್ತಾನಾ?"

ಮೇಸ್ತ್ರಿ ಗೊಫುರ್ ರಸ್ತೆಯಂಚಿಗೆ ಕುಕ್ಕರಗಾಲಲ್ಲಿ ಕೂತು ಸಿಗರೇಟು ಸೇದುತ್ತ ಬೈಯುತ್ತಿದ್ದ. ಅವನ ಬೈಗುಳವನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಸಮೀಡಿ ಕೆಲಸದ ನಡುವೆ ಹಾಗೆ ನಿಲ್ಲುವವನಲ್ಲ. ಸಿ ಒಂಬತ್ತನೇ ಮನೆಯ ಕಿಟಕಿ ಗಾಜು ಒರೆಸುತ್ತಿದ್ದ ವರ್ಸೀನಿ ತಿರುಗಿ ನೋಡಿದಳು. ಗಂಡ ಆ ಮನೆಯ ಅಂಗಳದ ಸೊಂಟದಾಳದ ಗುಂಡಿಯಲ್ಲಿ, ಗುದ್ದಲಿ ಕೈಬಿಟ್ಟು, ಕೆಳಗೇ ನೋಡುತ್ತ ನಿಂತಿದ್ದ.

"ಲಸ್ತ್ರಿ ಅವ್ವಾ," ಎಂದ. "ಬಾ ಇಲ್ಲಿ."

ಮಗಳು ಸತ್ತ ಮೇಲೆ ಅವನು ಅವಳನ್ನು ಹಾಗೆ ಕರೆದಿರಲೇ ಇಲ್ಲ. ಬಾ, ಹೋಗು, ಉಂಡ್ಯಾ, ಇಷ್ಟರಲ್ಲೇ ಆರು ವರ್ಷದ ಸಂಸಾರ ಸಾಗಿತ್ತು. ಬಟ್ಟೆ ಬಕೆಟ್ಟಿಗೆಸೆದು ಬಂದಳು.

ಗುಂಡಿಯ ತಳದಲ್ಲಿ ಓರೆಯಾಗಿ ಒರಗಿಸಿದ್ದ ಹಲಗೆಗಳು ಕಂಡವು. ಒಂದರ ಮೇಲಿನ ಒದ್ದೆ ಮಣ್ಣನ್ನು ಸಮೀಡಿ ಅಂಗೈಯಿಂದ ಸವರಿದ. ಅಲ್ಲಲ್ಲಿ ಹಸಿರು ಬಣ್ಣ ಇನ್ನೂ ಅಂಟಿಕೊಂಡಿತ್ತು.

"ನಮ್ ಅಡಿಗೆಮನೆ ಬಾಗ್ಲು ಕಣೆ," ಎಂದ.

ಅದು ಅವರ ಬಾಗಿಲೇ. ಡೆಂಗಿ ಜ್ವರದಲ್ಲಿ ನಾಲ್ಕು ವರ್ಷದ ಲಸ್ತ್ರಿ ಹೋದಾಗ, ಹೆಣದ ಮೇಲೆ ಮಣ್ಣು ಬೀಳದಂತೆ ಒರಗಿಸುವ ಹಲಗೆ ಕೊಳ್ಳುವ ಶಕ್ತಿಯೂ ಇರಲಿಲ್ಲ. ಸಮೀಡಿ ತೇಗದ ಬಾಗಿಲನ್ನು ಕಿತ್ತು, ಗರಗಸ ಹಿಡಿದು, ಮಗಳ ಅಳತೆಗೆ ಕೊಯ್ದಿದ್ದ. ಆ ಸದ್ದು ಈಗಲೂ ಒಮ್ಮೊಮ್ಮೆ ವರ್ಸೀನಿಗೆ ಕೇಳಿಸುವುದುಂಟು.

ಆದರೆ ಲಸ್ತ್ರಿ ಇಲ್ಲಿರಬಾರದಿತ್ತು. ಸುರಬಾಯಾ ಪಟ್ಟಣ ಪಶ್ಚಿಮಕ್ಕೆ ಕಾಲು ಚಾಚಿ ಕೆಡುಂಗ್‌ಪಾರಿ ಎಂಬ ಅವರ ಹಳ್ಳಿಯನ್ನು ನುಂಗಿದಾಗ ಗದ್ದೆ ಹೋಯಿತು, ಮನೆ ಹೋಯಿತು, ಕೊನೆಗೆ ಗೋರಿಗಳ ಸರದಿ ಬಂತು. ಅಲ್ಲಿ ಬಡಾವಣೆ ಕಟ್ಟುವ ಕಂಪನಿಯವರು ಗೋರಿಗಳಿಗೆ ಕಾಲುವೆಯಾಚೆ ಹೊಸ ಜಾಗ ಕೊಟ್ಟರು. ಮೂಳೆ ಎತ್ತುವುದನ್ನು ಹೆತ್ತವರು ನೋಡಬಾರದು, ಕರುಳು ತಡೆಯುವುದಿಲ್ಲ ಎಂದು ಮೊದಿನ್ ಕೋಸಿಮ್ ಹೇಳಿದ. ಮೊದಿನ್ ಎಂದರೆ ಊರಿನ ಹೆಣಗಳಿಗೆಲ್ಲ ದುವಾ ಓದುವ ಹಿರಿಯ. ಅವನ ಮಾತು ಮೀರುವವರು ಯಾರು? ಸಂಜೆಗೆ ಬಿಳಿಬಟ್ಟೆಯ ಗಂಟುಗಳು ಬಂದವು. ವರ್ಸೀನಿಯ ಕೈಗೆ ಬಂದದ್ದು ತೀರ ಹಗುರ. ನಾಲ್ಕು ವರ್ಷದ ಕೂಸು, ಎಷ್ಟು ತೂಗೀತು ಎಂದುಕೊಂಡು ಎದೆಗವಚಿ ನಡೆದಿದ್ದಳು. ಅಂದಿನಿಂದ ಪ್ರತಿ ವರ್ಷ ರಂಜಾನಿಗೆ ಮುಂಚೆ ಹೋಗಿ ಆ ಗೋರಿ ಗುಡಿಸಿ, ಗುಲಾಬಿ ಪಕಳೆ ಚೆಲ್ಲಿ, ಮಗಳ ಹತ್ತಿರ ಕಷ್ಟಸುಖ ಹೇಳಿಕೊಂಡು ಬರುತ್ತಿದ್ದಳು. ಆ ಗಂಟಿನಲ್ಲಿ ಮಗಳಿರಲೇ ಇಲ್ಲ, ಅವಳು ಇಷ್ಟು ದಿನ ಮಾತಾಡಿದ್ದು ಮಣ್ಣಿನ ಹೆಂಟೆಯ ಜೊತೆ.

ಹಳೆಯ ಸ್ಮಶಾನದ ಗುರುತಾಗಿ ಉಳಿದದ್ದು ದೇವಕಣಗಿಲೆ ಮರಗಳು. ಹಳ್ಳಿಯವರಿಗೆ ಅದು ಗೋರಿ ಮರ. ಅಂಗಳದಲ್ಲಿ ನೆಡು ಎಂದರೆ ಹುಚ್ಚನೂ ನೆಡುವುದಿಲ್ಲ. ಕಂಪನಿಯವರ ಕಣ್ಣಿಗೆ ಅದರ ಸೊಟ್ಟ ಕೊಂಬೆ, ಬಿಳಿ ಹೂವು ಬಾಲಿಯ ಹೋಟೆಲಿನ ಹಾಗೆ ಕಂಡಿತು. ಒಂದನ್ನೂ ಕಡಿಯಬೇಡಿ ಎಂದರು. ಮರಕ್ಕೊಂದು ಮನೆ ಎದ್ದಿತು, ಮರವಿರುವ ಮನೆಗೆ ರೇಟು ಜಾಸ್ತಿಯಾಯಿತು. ಪಟ್ಟಣದ ಸಾಹುಕಾರರು ಗೋರಿ ಮರಕ್ಕೆ ದುಡ್ಡು ಸುರಿಯುತ್ತಾರಲ್ಲ ಎಂದು ಕೂಲಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ವರ್ಸೀನಿಯೂ ನಕ್ಕಿದ್ದಳು.

ಗೊಫುರ್ ಗುಂಡಿಗೆ ಇಣುಕಿ ನೋಡಿ, ಸಿಗರೇಟು ಎಸೆದು ಫೋನು ತೆಗೆದ. ಸ್ವಲ್ಪ ಹೊತ್ತಿಗೆ ಮ್ಯಾನೇಜರ್ ರುಡಿಯಾನ್ ಕಾರಿನಲ್ಲಿ ಬಂದ, ಅವನ ಹಿಂದೆಯೇ ಮೋಟಾರುಬೈಕಿನಲ್ಲಿ ಮೊದಿನ್ ಕೋಸಿಮ್. ಸಮೀಡಿ ಅಷ್ಟರಲ್ಲಿ ಒಂದು ಹಲಗೆ ಸರಿಸಿದ್ದ. ಒಳಗಿದ್ದುದನ್ನು ನೋಡಿ ಮೊದಿನ್ ತಲೆಯ ಟೋಪಿ ಸರಿಮಾಡಿಕೊಂಡ.

"ಮೇಕೆ ಮೂಳೆ," ಎಂದ. "ಯಾವ್ದೋ ಕಾಲ್ದಲ್ಲಿ ಹೂತವ್ರೆ. ಮುಚ್ರಿ."

"ಮೇಕೆಗೆ ಹಲ್ಗೆ ಒರಗುಸ್ತಾರಾ, ಪಾಕ್ ಮೊದಿನ್?" ಎಂದು, ಹಿರಿಯರನ್ನು ಕರೆಯುವ ಪಾಕ್ ಎಂಬ ಮರ್ಯಾದೆಯನ್ನು ಬಿಡದೆಯೇ, ವರ್ಸೀನಿ ಕೇಳಿದಳು.

"ನೀನು ಹೆಂಗ್ಸು. ನಿಂಗ್ಯಾಕೆ ಅದೆಲ್ಲ?"

"ಮೇಕೆ ಮೊಕಾನ ಮೆಕ್ಕಾ ಕಡೀಕ್ ತಿರುಗ್ಸಿ ಮಲಗುಸ್ತಾರಾ? ನೀವೇ ಅಲ್ವಾ ಅವತ್ತು ಈ ಗುಂಡಿ ತಾವ ನಿಂತು ಓದಿದ್ದು? ನಮ್ಮನೇಲಿ ಕಾಫಿ ಕುಡ್ದು, ಕೂಸು ಸ್ವರ್ಗದ ಹಕ್ಕಿ ಆಯ್ತು ಕಣಮ್ಮ ಅಂದ್ರಲ್ಲ. ಈಗ ಮೇಕೆ ಆಗೋಯ್ತಾ?"

"ಬಾಯ್ ಮುಚ್ಚೇ, ಕತ್ತೆಮುಂಡೆ," ಎಂದು ಗೊಫುರ್ ನಡುವೆ ಬಂದ. "ದೊಡ್ಡೋರ ಮುಂದೆ ನಾಲ್ಗೆ ಉದ್ದ ಬಿಡ್ತೀಯಾ?"

ರುಡಿಯಾನ್ ಕೈಯೆತ್ತಿ ಅವನನ್ನು ತಡೆದ. ಅವನಿಗೆ ಬೈಯಲು ಬರುತ್ತಿರಲಿಲ್ಲ, ಬೈಯುವ ಅಗತ್ಯವೂ ಇರಲಿಲ್ಲ. "ನೋಡಮ್ಮ," ಎಂದ, "ನಾಳೆ ಭಾನುವಾರ. ಹೊಸ ಬಡಾವಣೆ ನೋಡೋಕೆ ದುಡ್ಡು ಹಾಕೋರು ಬರ್ತಾರೆ. ಈ ಮನೆ ಮೇಡಮ್ಮು ಮೀನಿನ ಕೊಳ ಬೇಕು ಅಂತ ಕೇಳಿದಾರೆ. ಈ ಮಣ್ಣನ್ನ ಬೆಳಿಗ್ಗೆ ಲಾರಿ ತಗೊಂಡು ಹೋಗಿ ಆ ಕಡೆ ಜೌಗಿಗೆ ತುಂಬತ್ತೆ. ಮೊದಿನ್ ಅವರು ಹೇಳಿದ ಮೇಲೆ ಮುಗೀತು. ನೀವು ಗಂಡ ಹೆಂಡ್ತಿ ಕಂಪನಿ ಶೆಡ್ಡಲ್ಲಿ ಬಾಡಿಗೆ ಇಲ್ಲದೆ ಇದೀರಿ. ಹಾಗೇ ಇರಿ, ನಾನೇನೂ ಬೇಡ ಅನ್ನಲ್ಲ."

"ಬಿಳಿಬಟ್ಟೆ ಒಂದ್ ತುಂಡು ಕೊಡ್ಸಿ, ಪಾಕ್," ಎಂದಳು ವರ್ಸೀನಿ. "ನಾವೇ ಎತ್ಕತೀವಿ. ಮೊದಿನ್ ಅವ್ರು ಒಂದ್ ಫಾತಿಹಾ ಓದ್ಲಿ ಸಾಕು."

"ಮೇಕೆಗೆ ಫಾತಿಹಾ ಓದೋದು ಪಾಪ," ಎಂದು ಮೊದಿನ್ ಬೈಕು ಹತ್ತಿದ. ಅವನು ಒಮ್ಮೆಯೂ ಅವಳ ಮುಖ ನೋಡಿರಲಿಲ್ಲ. ಗುಂಡಿಯ ಮೇಲೆ ನೀಲಿ ಟಾರ್ಪಾಲು ಎಳೆಸಿದರು.

ಸಂಜೆ ನಮಾಜಿನ ಕೂಗು ಏಳುತ್ತಿದ್ದಂತೆ ವರ್ಸೀನಿ ಕೀಲಿಗೊಂಚಲು ಹಿಡಿದು ಎಂದಿನ ಕೆಲಸಕ್ಕೆ ಹೊರಟಳು. ಆ ಬೀದಿಯ ಮನೆಗಳಿಗೆಲ್ಲ ಮಾಲೀಕರಿದ್ದರು, ವಾಸ ಮಾತ್ರ ಯಾರೂ ಇರಲಿಲ್ಲ. ಬೆಲೆ ಏರಲಿ ಎಂದು ಕೊಂಡು ಬೀಗ ಹಾಕಿ ಹೋಗಿದ್ದರು. ಕತ್ತಲೆ ಮನೆ ನೋಡಿದರೆ ಹೊಸಬರು ಹಿಂಜರಿಯುತ್ತಾರೆಂದು ಕಂಪನಿ ಅವಳನ್ನಿಟ್ಟಿತ್ತು. ಪ್ರತಿ ಮನೆಯಲ್ಲೂ ದೀಪ ಹಾಕಬೇಕು, ಕೆಲವು ಕಡೆ ರೇಡಿಯೋ ಹಚ್ಚಬೇಕು, ಬಾಗಿಲ ಮುಂದೆ ಚಪ್ಪಲಿ ಜೋಡಿಸಬೇಕು, ಕಂಪನಿಯೇ ಕೊಂಡ ಬಟ್ಟೆಗಳನ್ನು ತಂತಿಗೆ ಹರವಬೇಕು. ಹಳ್ಳಿಯ ಹೆಂಗಸರು ಅವಳನ್ನು ದೆವ್ವಗಳ ಆಯಾ ಎಂದು ಛೇಡಿಸುತ್ತಿದ್ದರು.

ಅವತ್ತು ಆ ಮಾತು ನೆನಪಾಯಿತು. ಒಂದು ಮನೆಯ ಬಾಗಿಲು ಎಳೆದು ಇನ್ನೊಂದಕ್ಕೆ ನಡೆಯುವಾಗ ಹಿಂದೆ ಪುಟ್ಟ ಬರಿಗಾಲುಗಳು ಬಂದಂತಾಗುತ್ತಿತ್ತು. ತಿರುಗಿದರೆ ಉದುರಿದ ಹೂವು, ಅಷ್ಟೆ. ಸಿ ಒಂಬತ್ತರ ತಂತಿಯ ಮೇಲೆ ಒಂದು ಪುಟ್ಟ ಹಳದಿ ಫ್ರಾಕು ಇತ್ತು. ನಾಲ್ಕು ವರ್ಷದ ಮಗುವಿನ ಅಳತೆಯದು. ವರ್ಷದಿಂದ ದಿನಾ ಅದನ್ನು ಒಣಹಾಕಿ, ಮಡಿಚಿ, ಮತ್ತೆ ಒಣಹಾಕಿದವಳು ತಾನೇ. ಮಗಳ ನೆತ್ತಿಯ ಮೇಲೆ ನಿಂತು ಇಲ್ಲದ ಮಗುವಿನ ಬಟ್ಟೆ ಒಣಹಾಕಿದೆನಲ್ಲ ಎನ್ನಿಸಿ ಅಲ್ಲೇ ಕುಸಿದು ಕೂತಳು. ಅಳು ಬರಲಿಲ್ಲ. ಸಿಟ್ಟು ಬಂತು. ಆ ಸಿಟ್ಟು ಆರುವ ಹಾಗೆ ಕಾಣಲಿಲ್ಲ.

ಬೆಳಕು ಹರಿಯುವಾಗ ಇಬ್ಬರೂ ಗುಂಡಿಯ ಹತ್ತಿರ ಬಂದರು. ಲಾರಿ ಇನ್ನೂ ಬಂದಿರಲಿಲ್ಲ. ಸಮೀಡಿ ಟಾರ್ಪಾಲಿನ ಅಂಚು ಹಿಡಿದು ನಿಂತೇ ಇದ್ದ.

"ಶೆಡ್ಡಿಂದ ಓಡುಸ್ತಾರೆ ಕಣೆ," ಎಂದ.

"ಓಡಿಸ್ಲಿ."

"ಎಲ್ಲಿಗೋಗದು? ನಮ್ಗೊಂದ್ ಮನೆ ಬಾಗ್ಲು ಅನ್ನದಾದ್ರೂ ಅದಾ?"

"ಅಲ್ಲೇ ಅದಲ್ಲ," ಎಂದು ವರ್ಸೀನಿ ಗುಂಡಿ ತೋರಿಸಿದಳು. "ಅದೊಂದೇ ಉಳ್ದಿರದು. ಇಳಿ."

ಅವನು ಇಳಿದ. ಮೂಳೆಗಳನ್ನು ಒಂದೊಂದಾಗಿ ಎತ್ತಿಕೊಟ್ಟ. ಅವಳು ಅವನ ಬಿಳಿ ನಮಾಜಿನ ಅಂಗಿಯಲ್ಲಿ ಇಟ್ಟುಕೊಂಡಳು. ತಲೆ ಬಂದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎಲ್ಲ ಸುತ್ತಿ ಕಟ್ಟಿ, ಮಗುವನ್ನು ಹೆಗಲಿಂದ ಸೊಂಟಕ್ಕೆ ಕಟ್ಟಿಕೊಳ್ಳುವ ಉದ್ದನೆಯ ಬಾತಿಕ್ ಬಟ್ಟೆಯೊಳಗೆ ಅವಳು ಗಂಟನ್ನು ಮಲಗಿಸಿಕೊಂಡಳು. ಈ ಸಲ ಅದು ಹಗುರವಾಗಿರಲಿಲ್ಲ. ಸಮೀಡಿ ಗುದ್ದಲಿ ಹೆಗಲಿಗೇರಿಸಿ ಶೆಡ್ಡುಗಳ ಕಡೆ ಹೋದ. ಅಲ್ಲಿದ್ದ ಪ್ರತಿಯೊಬ್ಬ ಕೂಲಿಯೂ ಕಾಲುವೆಯಾಚೆಗೆ ಒಂದೊಂದು ಗಂಟು ಹೊತ್ತವನೇ.

ಬಿಸಿಲೇರುವ ಹೊತ್ತಿಗೆ, ಬಡಾವಣೆ ನೋಡಲು ಬರುವವರಿಗೆಂದು ಹಾಕಿದ್ದ ಶಾಮಿಯಾನದಲ್ಲಿ ಜನ ತುಂಬಿದ್ದರು. ಮೊದಲ ಸಾಲಿನ ಕುರ್ಚಿಗಳಿಗೆ ಬಿಳಿ ಬಟ್ಟೆ ಹೊದಿಸಿ ಹಿಂದೆ ಗಂಟು ಕಟ್ಟಿದ್ದರು. ವೇದಿಕೆಯ ಮೇಲೆ ಆರಂಭದ ದುವಾ ಓದಲು ಮೊದಿನ್ ಕೋಸಿಮ್ ಹೊಸ ಟೋಪಿ ಹಾಕಿಕೊಂಡು ಮೈಕು ಹಿಡಿದು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ವರ್ಸೀನಿ ನೆಟ್ಟಗೆ ನಡೆದುಹೋಗಿ ಮೊದಲ ಸಾಲಿನಲ್ಲಿ ಕೂತಳು. ಕಾರ್ಯಕ್ರಮದ ಹುಡುಗಿಯೊಬ್ಬಳು ಓಡಿಬಂದು, ಅಮ್ಮ ಎನ್ನುವಂತೆ ಮರ್ಯಾದೆಯಿಂದಲೇ ಕರೆದಳು.

"ಬೂ, ಈ ಸಾಲು ಮನೆ ಮಾಲೀಕರಿಗೆ."

"ಗೊತ್ತು ಕಣವ್ವ. ಅದ್ಕೇ ಕರ್ಕಂಡ್ ಬಂದೆ."

ಹುಡುಗಿ ಮಡಿಲಿನತ್ತ ನೋಡಿ, ಮಗು ನಿದ್ದೆ ಮಾಡುತ್ತಿದೆ ಎಂದುಕೊಂಡು ಹಿಂದೆ ಸರಿದಳು. ಪಕ್ಕದ ಕುರ್ಚಿಯಲ್ಲಿ ಸಿ ಒಂಬತ್ತನ್ನು ಕೊಂಡ ಬೂ ಮಿರಾಂದ ಕೂತಿದ್ದಳು. ತಿಂಗಳಿಗೊಮ್ಮೆ ಬಂದು ಮನೆ ನೋಡಿ ಹೋಗುವವಳು. ಗಾಜು ಒರೆಸುವವಳ ಮುಖ ಅವಳಿಗೆಲ್ಲಿ ನೆನಪಿರಬೇಕು. ಆಕೆ ಪ್ರೀತಿಯಿಂದಲೇ ಬಾಗಿದಳು.

"ಮಲಗಿದ್ಯಾ? ಎಷ್ಟು ವರ್ಷ?"

"ನಾಲ್ಕು."

"ಚಿಕ್ಕದಾಗಿದೆಯಲ್ಲ."

"ಬೆಳೀಲಿಲ್ಲ, ಬೂ."

"ಪಾಪ. ನಿಮ್ಮದು ಯಾವ ಮನೆ?"

"ಸಿ ಒಂಬತ್ತು."

ಮಿರಾಂದ ನಕ್ಕಳು. "ಇಲ್ಲಮ್ಮ, ಅದು ನಮ್ಮದು. ನಾನೇ ಕೊಂಡಿದ್ದೀನಿ."

"ಹೂಂ, ಗೊತ್ತು. ನಿಮ್ಗಿಂತ ಮುಂಚಿಂದ್ಲೂ ಇವ್ಳು ಅಲ್ಲವ್ಳೆ. ನಿಮ್ ಮೀನಿಗೆ ಜಾಗ ಬೇಕು ಅಂದ್ರಲ್ಲ, ಎದ್ ಬಂದವ್ಳೆ." ವರ್ಸೀನಿ ಬಟ್ಟೆಯ ಅಂಚು ಸರಿಸಿ, ಅಂಗಿಯ ಗಂಟು ಬಿಚ್ಚಿದಳು.

ಮಿರಾಂದಳ ಕುರ್ಚಿ ಹಿಂದಕ್ಕೆ ಉರುಳಿತು. ಸಾಲಿನವರೆಲ್ಲ ಎದ್ದರು. ಗೊಫುರ್ "ಹಿಡ್ಕಳ್ರೋ ಆ ಮುಂಡೇನ" ಎಂದು ನುಗ್ಗಿದವನು ಅರ್ಧದಲ್ಲೇ ನಿಂತ. ಶಾಮಿಯಾನದ ಅಂಚಿಗೆ ಕೂಲಿಯವರು ಬಂದು ನಿಂತಿದ್ದರು, ಗುದ್ದಲಿ ಹಿಡಿದು. ಅವರು ಅವನನ್ನೂ ನೋಡುತ್ತಿರಲಿಲ್ಲ, ರುಡಿಯಾನನನ್ನೂ ನೋಡುತ್ತಿರಲಿಲ್ಲ. ಮೊದಿನನನ್ನೇ ನೋಡುತ್ತಿದ್ದರು.

"ಪಾಕ್ ಮೊದಿನ್," ಎಂದಳು ವರ್ಸೀನಿ. ದನಿ ಏರಿಸಲಿಲ್ಲ. "ಮೇಕೆ ಆದ್ರೆ ಮೈಕಲ್ಲೇ ಹೇಳ್ಬುಡಿ, ಎಲ್ರೂ ಕೇಳ್ಲಿ. ಕೂಸಾದ್ರೆ ಓದಿ."

ಮಡಿಲಿನ ಮೇಲೆ ದುವಾಕ್ಕೆಂದು ಎರಡೂ ಅಂಗೈ ಮೇಲೆ ಮಾಡಿ ಹಿಡಿದು ಅವಳು ಕಾಯುತ್ತ ಕೂತಳು. ಅಂಚಿನಲ್ಲಿ ನಿಂತಿದ್ದ ಸಮೀಡಿ ಗುದ್ದಲಿ ಕೆಳಗಿಟ್ಟು ಕೈಯೆತ್ತಿದ. ಅವನ ಪಕ್ಕದವನೂ ಎತ್ತಿದ. ಮೊದಿನನ ತುಟಿ ಅಲುಗಿತು. ಮೈಕಿನಲ್ಲಿ ಅವನ ಉಸಿರು ಮಾತ್ರ ಕೇಳುತ್ತಿತ್ತು.