ಕಣದಾಗಿನ ಬೋರು

ಹಳ್ಳದ ಉಸುಕು ತೋಡಿ ನೀರು ಊರುವ ತನಕ ಕುಕ್ಕರುಗಾಲಲ್ಲಿ ಕೂರಬೇಕು. ಚಿಪ್ಪಿನಿಂದ ಮೊಗೆದು, ಸೆರಗಿನಲ್ಲಿ ಸೋಸಿ ಕೊಡಕ್ಕೆ ಹಾಕಬೇಕು. ಕೊಡ ತುಂಬುವಷ್ಟರಲ್ಲಿ ಕೂಲಿಯ ಹೊತ್ತು ಮೀರುತ್ತಿತ್ತು. ನಮ್ಮ ಕೇರಿಯ ಹೆಂಗಸರ ಬಾಳೇ ಅದು.

ಕೇರಿಗೆಂದು ಸರಕಾರ ಒಂದು ಕೈಬೋರು ಕೊಟ್ಟಿತ್ತು. ಬೋರು ಕೊರೆಯುವ ಲಾರಿ ಬಂದ ದಿನ ಪಂಚಾಯ್ತಿ ಚೇರ್ಮನ್ ಬೊಮ್ಮಪ್ಪಗೌಡ, "ಕೇರ್ಯಾಗ ಬರೇ ಕಲ್ಲು ಐತಿ, ನೀರು ಬೀಳಂಗಿಲ್ಲ" ಎಂದು ತನ್ನ ಕಣದಲ್ಲೇ ಹೊಡೆಸಿಕೊಂಡ. ಅವನ ಎಮ್ಮೆಗಳಿಗೆ ಅದರ ನೀರಲ್ಲಿ ದಿನಾ ಸ್ನಾನ. ನಾವು ಹಿಡಿಕೆ ಮುಟ್ಟುವಂತಿರಲಿಲ್ಲ.

ಆ ವರ್ಷ ಕೂಡ್ಲಿಗಿ ಕಚೇರಿಯಿಂದ ಒಬ್ಬ ಸೈಕಲ್ಲಿನಲ್ಲಿ ಬಂದ. ಕ್ಯಾರಿಯರಿನಲ್ಲಿ ಬಣ್ಣದ ಡಬ್ಬಿ. ನೋಡಿದರೆ ನಮ್ಮ ದುರುಗಮ್ಮನ ಮಗ ಗಾದಿಲಿಂಗ! ಪಿಯುಸಿ ಓದಿ ನೌಕರಿಗೆ ಸೇರಿದ್ದ. ಇನ್ನೂ ಕಾಯಂ ಆಗಿರಲಿಲ್ಲ.

"ಏನಪಾ ನಿನ್ನ ಕೆಲಸ?" ಕೇರಿಯ ಹಿರಿಯ ಮಾರಣ್ಣ ಕೇಳಿದ.

"ಸರಕಾರದ ಬೋರು, ಸೇತುವಿ, ಕೆರಿ ತೂಬು ಎಲ್ಲಾ ಎಣಿಸೋದು ಮಾವ. ಯಾವುದು ಎಲ್ಲೈತಿ, ನಡೀತೈತೋ ಕೆಟ್ಟೈತೋ ಅಂತ ಕಾರ್ಡು ತುಂಬಬೇಕು. ಬೆಂಗಳೂರಾಗ ಕಂಪ್ಯೂಟರ್ ಅಂತ ಮಷೀನು ಐತಿ. ಯಾವ ಕೇರಿಗೆ ನೀರಿಲ್ಲ ಅಂತ ಅದು ಹೇಳ್ತೈತಿ. ಅಲ್ಲಿಗೆ ಹೊಸಾ ಬೋರು."

"ಮಷೀನಿಗೆ ಜಾತಿ ಇಲ್ಲೇನು?"

"ಇಲ್ಲ ಮಾವ."

"ಕಾರ್ಡು ತುಂಬ್ಸೋರಿಗೆ?"

ಗಾದಿಲಿಂಗ ಸೈಕಲ್ಲು ಹತ್ತಿ ಹೊರಟ. ನಮಗೆ ಅನುಮಾನ ಹುಟ್ಟಿದ್ದೇ ಆಗ. ಸರಕಾರದ ಬಣ್ಣ ನಮಗೇನು ಹೊಸದೇ? ಗೋಡೆಗೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬಂದಿತ್ತು, ಮನೆಯೊಳಗೆ ಏನೂ ಬಂದಿರಲಿಲ್ಲ.

ಮರುದಿನ ಜೀಪಿನಲ್ಲಿ ಇಂಜಿನಿಯರ್ ಬಂದು ಗೌಡನ ಕಣದಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತ ಕೂತ. ನಾನು ಅಲ್ಲೇ ಸಗಣಿ ಬಳಿಯುತ್ತಿದ್ದೆ. ಸಗಣಿ ಬಳಿಯುವವಳಿಗೂ ಕಿವಿ ಇರುತ್ತದೆಂದು ದೊಡ್ಡವರಿಗೆ ಹೊಳೆಯುವುದಿಲ್ಲ.

"ಗೌಡರ ಕಣ ಅಂತ ಬರದೀಯಲ್ಲೋ!" ಇಂಜಿನಿಯರ್ ಗಾದಿಲಿಂಗನ ಕಾರ್ಡು ನೋಡಿ ಬೈದ. "ಇದು ಕೇರಿಗೆ ಮಂಜೂರಾದ ಬೋರು. ಹಿಂಗ ಬರದ್ರ ನನ್ನ ನೌಕರಿನೂ ಹೋಗ್ತೈತಿ, ಗೌಡ್ರ ಮಾನಾನೂ ಹೋಗ್ತೈತಿ. ಹರಿಜನ ಕೇರಿ, ನೀರು ಐತಿ ಅಂತ ಬರಿ."

"ಹಂಗ ಬರದ್ರ ಕೇರಿಗೆ ಹೊಸಾ ಬೋರು ಬರಂಗಿಲ್ರಿ ಸಾರ್."

"ನಿನಗ ಕಾಯಂ ಆಗಬೇಕೋ ಬ್ಯಾಡೋ?"

ಗಾದಿಲಿಂಗ ಬರೆದ. ಕಚೇರಿಯ ನಿಯಮದಂತೆ ಬೋರಿನ ಮೈಮೇಲೂ ಬಿಳಿ ಬಣ್ಣದಲ್ಲಿ ನಂಬರು ಹಾಕಿ, ಕೆಳಗೆ 'ಹರಿಜನ ಕೇರಿ' ಎಂದು ಬರೆದ. ನನಗೆ ಮೈ ಉರಿಯಿತು. ಸಗಣಿಬುಟ್ಟಿ ಅಲ್ಲೇ ಒಗೆದು ಕೇರಿಗೆ ಓಡಿ ಎಲ್ಲ ಹೇಳಿದೆ.

ಹಿಂದೆಯೇ ಗಾದಿಲಿಂಗ ಬಂದ. ಮುಖ ಬಾಡಿತ್ತು.

"ಅವ್ವಾ, ನೀರು ಕೊಡು."

"ಕೇರ್ಯಾಗ ಬೋರು ಐತಂತಲ್ಲ, ಹೋಗಿ ಕುಡಿ," ಅಂದಳು ದುರುಗಮ್ಮ.

ಅವನು ಬಣ್ಣದ ಡಬ್ಬಿ ಕೆಳಗಿಟ್ಟ.

"ಬೋರಿನ ಮ್ಯಾಲ ಬರದದ್ದು ಸರಕಾರದ ಬಣ್ಣನೇನು?" ಅವಳೇ ಕೇಳಿದಳು.

"ಹೂಂ."

"ಹಂಗಾರ ಆ ಬೋರು ನಮ್ದು. ಏಳ್ರೇ, ಕೊಡ ತಗೋರಿ."

ಹುಲುಗಮ್ಮ ಎದ್ದಳು, ಕೆಂಚಕ್ಕ ಎದ್ದಳು, ನಾನೂ ಎದ್ದೆ. ಕೇರಿಗೆ ಕೇರಿಯೇ ಕಣಕ್ಕೆ ನಡೆಯಿತು.

"ಏಯ್, ಎಲ್ಲಿಗೆ?" ಗೌಡ ಗದರಿದ.

"ನಮ್ಮ ಕೇರಿಗೆ ಬಂದೀವಿ," ಎಂದಳು ದುರುಗಮ್ಮ. "ಓದಕ ಬರ್ತೈತಲ್ಲ, ಓದ್ರಿ."

ಗೌಡನಿಗೆ ಕಣ್ಣು ಕೆಂಪಗಾಯಿತು. "ಲೇ ಗಾದ್ಯಾ, ಅಳಸೋ ಅದನ್ನ!"

"ಅಳಸ್ತೀನ್ರಿ," ಎಂದ ನಮ್ಮ ಹಿಂದೆ ಬಂದಿದ್ದ ಗಾದಿಲಿಂಗ. "ಆಮ್ಯಾಲೆ ಕಾರ್ಡಿನ್ಯಾಗೂ ಖರೇದ್ದು ಬರೀಬೇಕಾಕೈತಿ. ಸಾಹೇಬ್ರು ಹೂಂ ಅನ್ಲಿ."

ಇನ್ನೂ ಅಲ್ಲೇ ಕೂತಿದ್ದ ಇಂಜಿನಿಯರ್ ಎದ್ದು ಜೀಪು ಹತ್ತಿದ. ದುರುಗಮ್ಮ ಹಿಡಿಕೆ ಒತ್ತಿದಳು. ನೀರು ಧೋ ಎಂದು ಬಿತ್ತು. ಹುಲುಗಮ್ಮ ಅಲ್ಲೇ ಅತ್ತುಬಿಟ್ಟಳು.

ಗಾದಿಲಿಂಗನ ನೌಕರಿ ಕಾಯಂ ಆಗಲಿಲ್ಲ. ಬಾಯಿಮಾತಲ್ಲೇ ಬಿಡಿಸಿ ಕಳಿಸಿದರು. ಇನ್ನೊಬ್ಬ ಡಬ್ಬಿ ಹಿಡಿದು ಬಂದ. ಬೋರಿನ ಮೇಲಿನ 'ಹರಿಜನ ಕೇರಿ' ಅಳಿಸಿ ಊರ ಹೆಸರು ಬರೆಯಲು ಹೇಳಿದ್ದಾರಂತೆ. ನಾವು ಬೋರಿನ ಸುತ್ತ ಕೊಡ ಇಟ್ಟು ಕೂತೆವು.

"ಅಳಸಪಾ," ಎಂದಳು ದುರುಗಮ್ಮ. "ಮೊದಲ, ನಮ್ಮ ಕೇರಿ ಬೋರು ಎಲ್ಲೈತಿ, ತೋರ್ಸು."