ತಮ್ಮನ ಗಿಟಾರಿನ ಗುಂಡಿ

ತನ್ನ ದನಿಯನ್ನು ತಮ್ಮ ನುಂಗುತ್ತಿದ್ದಾನೆ ಎಂಬುದು ಅಕ್ಕನಿಗೆ ಖಾತ್ರಿಯಾಗಿ ಹೋಗಿತ್ತು. ಹೋಟೆಲಿನ ಊಟದ ಹಾಲ್‌ನಲ್ಲಿ ಸಂಜೆ ಹೊತ್ತು ಅವಳು ಹಾಡುವುದು, ಅವನು ಎಲೆಕ್ಟ್ರಿಕ್ ಗಿಟಾರ್ ನುಡಿಸುವುದು, ಹಿಂದೆ ಡ್ರಮ್ಮಿನವನೊಬ್ಬ. ಇಷ್ಟೇ ಅವರ ತಂಡ. ಜನ ಬರುತ್ತಿದ್ದದ್ದು ಅವಳ ಕಂಠಕ್ಕೆ, ಅದರಲ್ಲೂ ಹಾಡು ಮೇಲೇರಿ ನಿಲ್ಲುವ ಆ ಗಳಿಗೆಗೆ. ಈಚೆಗೆ ಮಾತ್ರ ಹಾಡು ಏರಿದಲ್ಲೆಲ್ಲ ಗಿಟಾರು ಮುಂದೆ ನುಗ್ಗುತ್ತಿತ್ತು. ತನ್ನ ಜಾಗದ ಮೇಲೆ ತಮ್ಮನ ಕಣ್ಣು ಬಿದ್ದಿದೆ ಎಂದು ಅವಳ ಅನುಮಾನ. ಅನುಮಾನವೆಂಬುದು ಕರೆಯದೆ ಬಂದ ನೆಂಟ. ಒಮ್ಮೆ ಚಾಪೆ ಹಾಸಿಕೊಂಡಿತೆಂದರೆ ಎಬ್ಬಿಸುವುದು ಕಷ್ಟ.

ಅವಳು ಕೈ ಕೆಳಗೆ ಮಾಡಿ ಸನ್ನೆ ಕೊಟ್ಟರೆ ತಮ್ಮ ತಕ್ಷಣ ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಹತ್ತರಿಂದ ಐದಕ್ಕೆ ತಿರುಗಿಸುತ್ತಿದ್ದ. ಅವಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದಳು. ಗುಂಡಿ ನಿಜಕ್ಕೂ ಅರ್ಧಕ್ಕೆ ಬರುತ್ತಿತ್ತು. ಸದ್ದು ಮಾತ್ರ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತಿತ್ತು.

"ಇಳಿಸೋ ಅಂದ್ರೆ ಕೇಳ್ಸಲ್ವಾ ನಿಂಗೆ?"

"ಇಳಿಸಿದೀನಲ್ಲಕ್ಕ, ಬೇಕಾದ್ರೆ ನೋಡು. ಅರ್ಧಕ್ಕಿದೆ."

ಕದ್ದು ಹಾಲು ಕುಡಿದ ಬೆಕ್ಕಿನ ಮುಖ ಅವನದು. ಅವಳಿಗೆ ಮೈಯೆಲ್ಲ ಉರಿಯಿತು. ಡ್ರಮ್ಮಿನವನನ್ನು ಪಕ್ಕಕ್ಕೆ ಕರೆದು, "ಬೇರೆ ಗಿಟಾರಿನವರು ಯಾರಾದ್ರೂ ಸಿಕ್ತಾರಾ, ನೋಡಿಡು" ಎಂದಳು.

"ಒಡಹುಟ್ಟಿದ ತಮ್ಮನ್ನ ಬಿಡ್ತೀರಾ?"

"ಒಡಹುಟ್ಟಿದೋರೇ ಮಗ್ಗುಲ ಮುಳ್ಳಾಗೋದು."

ಆದರೂ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಹಾಡಿಗೆ ರಜೆಯಿದ್ದ ದಿನ, ಹೋಟೆಲಿನ ಉಗ್ರಾಣದಲ್ಲಿಡುತ್ತಿದ್ದ ಗಿಟಾರನ್ನು ತಮ್ಮನಿಗೆ ಹೇಳದೆ ಎತ್ತಿಕೊಂಡು, ಅವನು ಅದನ್ನು ಕೊಡುತ್ತಿದ್ದ ರಿಪೇರಿಯವಳ ಅಂಗಡಿಗೆ ಹೋದಳು. ಬೆಸುಗೆಯ ಹೊಗೆ ಕಟ್ಟಿದ ಪುಟ್ಟ ಕೋಣೆ. ಮೇಜಿನ ತುಂಬ ತಂತಿ, ತಿರುಪು, ಬಿಚ್ಚಿಟ್ಟ ಗಿಟಾರುಗಳ ಹೊಟ್ಟೆ. ರಿಪೇರಿಯವಳು ತಿರುಪು ಬಿಚ್ಚಿ ಒಳಗಿನಿಂದ ಒಂದು ರೂಪಾಯಿಯಗಲದ ತಗಡಿನ ಡಬ್ಬಿಯನ್ನು ಎಳೆದು ತೋರಿಸಿದಳು.

"ಗುಂಡಿ ಕೆಳಗೆ ಇರೋದು ಇದು, ಪಾಟ್ ಅಂತೀವಿ. ಇದ್ರಲ್ಲಿ ಎರಡು ಜಾತಿ. ಒಂದನ್ನ ಅರ್ಧಕ್ಕೆ ತಿರುಗಿಸಿದ್ರೆ ಕಿವಿಗೂ ಸದ್ದು ಅರ್ಧ ಆಯ್ತು ಅನ್ಸತ್ತೆ. ಇನ್ನೊಂದು ಜಾತಿ ಇದು. ಅರ್ಧಕ್ಕೆ ತಂದ್ರೂ ಅಷ್ಟೇನೂ ಗೊತ್ತಾಗಲ್ಲ, ಕೊನೇಲಿ ದಡಕ್ಕಂತ ಬೀಳತ್ತೆ."

"ನೀವು ತಪ್ಪಿ ಇದನ್ನ ಹಾಕಿದ್ರಾ?"

"ಅಯ್ಯೋ, ನಾನು ಬೇಡ ಅಂತಲೇ ಅಂದೆ ಕಣ್ರೀ! ನಿಮ್ಮ ತಮ್ಮನೇ ಇಲ್ಲಿ ಕೂತು, ಒಂದೊಂದನ್ನೂ ಹಾಕ್ಸಿ, ನುಡಿಸಿ ನೋಡಿ ಆರಿಸ್ಕೊಂಡ್ರು. ಟೋನಿನ ಗುಂಡಿಗೂ ಅಷ್ಟೇ. ಈ ಗಿಟಾರಿಗೆ ಇನ್ನೂರೈವತ್ತು ಕಿಲೋ ಓಮಿನ ಪಾಟ್ ಹಾಕೋಣ, ದನಿ ಮೆತ್ತಗೆ ಬರತ್ತೆ ಅಂದೆ. ಎರಡಕ್ಕೂ ಐನೂರರದ್ದೇ ಬೇಕು, ಮೇಲಿನ ಸ್ವರ ಚೂಪಾಗಿ ಕೇಳ್ಬೇಕು ಅಂತ ಹಠ ಹಿಡಿದ್ರು."

ಮೇಲಿನ ಸ್ವರ! ಅವಳ ಬದುಕೆಲ್ಲ ನಿಂತಿದ್ದದ್ದೇ ಅಲ್ಲಿ. ಕೈ ತಪ್ಪಿ ಆದದ್ದಲ್ಲ, ಕೂತು, ಕೇಳಿ, ತೂಗಿ ಆರಿಸಿದ್ದು. ಇಷ್ಟು ಶ್ರದ್ಧೆಯಿಂದ ಅಕ್ಕನ ಕತ್ತು ಕೊಯ್ಯುವವನನ್ನು ಅವಳು ಬೇರೆಲ್ಲೂ ಕಂಡಿರಲಿಲ್ಲ.

"ಎರಡನ್ನೂ ಕಿತ್ತು, ನೀವು ಹೇಳಿದ್ದನ್ನೇ ಹಾಕಿ. ಅವನಿಗೆ ಹೇಳ್ಬೇಡಿ."

"ಅವರ ಗಿಟಾರಲ್ವಾ..."

"ಕೊಡಿಸಿದ್ದು ನಾನು."

ಮರುದಿನ ಸಂಜೆ ಹಾಲ್ ಜನರಿಂದ ತುಂಬಿತ್ತು. ಹಾಡು ಏರತೊಡಗಿದಾಗ ಅವಳು ಬೇಕೆಂದೇ ದೊಡ್ಡದಾಗಿ ಸನ್ನೆ ಮಾಡಿದಳು. ತಮ್ಮ ಎಂದಿನಂತೆ ಗುಂಡಿಯನ್ನು ಐದಕ್ಕೆ ತಂದ. ಗಿಟಾರು ತೆಪ್ಪಗಾಯಿತು. ಸಿಕ್ಕಿಬಿದ್ದೆಯಾ ಎಂದುಕೊಳ್ಳುತ್ತ ಅವಳು ಉಸಿರು ತುಂಬಿ ಮೇಲಿನ ಸ್ವರ ಹಿಡಿದಳು.

ಸ್ವರ ಸೀಳಿತು. ಒಣ ಬಿದಿರು ಸೀಳಿದ ಹಾಗೆ, ಎಲ್ಲರೆದುರು. ಯಾರೋ ಬೇರೆಯವರು ಹಾಡಿದರೇನೋ ಎಂದು ಒಂದು ಕ್ಷಣ ಅವಳಿಗೇ ಗೊಂದಲವಾಯಿತು. ಮುಂದಿನ ಮೇಜಿನವನ ಚಮಚ ಬಾಯಿಯ ಹತ್ತಿರ ನಿಂತಿತು. ತಮ್ಮ ಬೆಚ್ಚಿ ಗುಂಡಿಯನ್ನು ತುದಿಗೆ ತಿರುಗಿಸಿ, ಇದ್ದ ತಂತಿಗಳನ್ನೆಲ್ಲ ಒಟ್ಟಿಗೇ ಬಾರಿಸಿ ಅವಳ ಮೇಲೆ ಸದ್ದಿನ ಹೊದಿಕೆ ಎಳೆದ. ಅಷ್ಟರಲ್ಲಿ ಹೊತ್ತು ಮೀರಿತ್ತು. ಅವನ ಮುಖದಲ್ಲಿ ಕಪಟ ಹುಡುಕಿದಳು. ಅಲ್ಲಿದ್ದದ್ದು ಗಾಬರಿ, ಮೆಟ್ಟಿಲಲ್ಲಿ ಜಾರುವವರನ್ನು ಕಂಡವರ ಗಾಬರಿ.

ಹಾಡು ಮುಗಿಯಿತು. ಹರಕು ಮುರುಕು ಚಪ್ಪಾಳೆ ಬಿತ್ತು. ಅವಳು ಮೈಕನ್ನು ಆಚೆ ತಿರುಗಿಸಿದಳು.

"ನನ್ನ ದನಿ ಯಾವಾಗಿಂದ ಹೀಗೆ?"

"ನಿಂಗೆ ಜ್ವರ ಬಂದು ಗಂಟಲು ಕಟ್ಟಿತ್ತಲ್ಲ, ಆವಾಗಿಂದ."

"ಹೇಳೋಕೇನಾಗಿತ್ತು?"

"ಹೇಳಿದ್ರೆ ನಂಬ್ತಿದ್ಯಾ ಅಕ್ಕ? ಇವ್ನು ನನ್ನ ಜಾಗದ ಮೇಲೆ ಕಣ್ಣು ಹಾಕಿದಾನೆ ಅಂತಿದ್ದೆ ನೀನು."

ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಹಿಂದೆ ಡ್ರಮ್ಮಿನವನು ತನ್ನ ಕೋಲುಗಳನ್ನು ಈಗಷ್ಟೇ ಕಂಡವನ ಹಾಗೆ ನೋಡುತ್ತಿದ್ದ. ಅವನಿಗೂ ಗೊತ್ತಿತ್ತು. ತಂಡದಲ್ಲಿ ಗೊತ್ತಿಲ್ಲದಿದ್ದದ್ದು ಅವಳೊಬ್ಬಳಿಗೇ.

ಹಾಲ್‌ನಲ್ಲಿ ಜನ ಕಾಯುತ್ತಿದ್ದರು.

"ಮುಂದಿನ ಹಾಡು ಶ್ರುತಿ ಇಳಿಸಿ ಹಿಡಿ" ಎಂದಳು.

"ಎಷ್ಟು ಇಳಿಸ್ಲಿ?"

"ನಂಗೇನು ಗೊತ್ತು? ಇಷ್ಟು ದಿನ ನನ್ನ ಗಂಟಲು ಸರಿಯಾಗಿ ಕೇಳಿಸ್ಕೊಂಡಿದ್ದು ನೀನೊಬ್ನೇ ಕಣೋ. ನೀನೇ ಹೇಳು."